ಕ್ವಾಂಟಮ್ ವ್ಯವಸ್ಥೆ ಸುತ್ತಲಿನ ಶಾಖದ ಜೊತೆ ಬೆರೆತಿದ್ದರೂ ಜಾರ್ಜಿನ್ಸ್ಕಿ ಸಮೀಕರಣ ನಿಜವೇ?

ನಿಜವೇ. ತೊಡಕಿರುವುದು ಸಮೀಕರಣದಲ್ಲಲ್ಲ, ಅದರೊಳಗಿನ 'ಕೆಲಸ' ಎಂಬ ಮಾತಿನಲ್ಲಿ. ನನಗೂ ಇದು ತಲೆಗೆ ಹತ್ತಲು ಬಹಳ ದಿನ ಹಿಡಿಯಿತು.

ಮೊದಲು ಭೌತವಿಜ್ಞಾನಿ ಜಾರ್ಜಿನ್ಸ್ಕಿ 1997ರಲ್ಲಿ ಕೊಟ್ಟ ಆ ಸಮೀಕರಣ. ಕೆಲಸಕ್ಕೂ ಮುಕ್ತ ಶಕ್ತಿಗೂ (ವ್ಯವಸ್ಥೆಯಿಂದ ಹೆಚ್ಚೆಂದರೆ ಎಷ್ಟು ಕೆಲಸ ಪಡೆಯಬಹುದು ಎಂಬುದರ ಅಳತೆ) ಇರುವ ನಂಟನ್ನು ಅದು ಹೇಳುತ್ತದೆ. ಸಮತೋಲದಲ್ಲಿರುವ ವ್ಯವಸ್ಥೆಯನ್ನು ಎಷ್ಟೇ ಜೋರಾಗಿ ಎಳೆದಾಡಿ. ಪ್ರತಿ ಸಲ ಹಿಡಿದ ಕೆಲಸವನ್ನು (ಎಳೆದಾಡಲು ನಾವು ಕೊಟ್ಟ ಶಕ್ತಿ) ಕೆಟಿಯಿಂದ (ಬೋಲ್ಟ್ಸ್‌ಮನ್ ಸ್ಥಿರಾಂಕ k ಗುಣಿಸು ತಾಪಮಾನ T) ಭಾಗಿಸಿ, ಮೈನಸ್ ಹಾಕಿ, ಇ ಸಂಖ್ಯೆಯ ಘಾತವಾಗಿಸಿ ಸರಾಸರಿ ತೆಗೆಯಿರಿ. ಮುಕ್ತ ಶಕ್ತಿ ಬದಲಾಗದಿದ್ದರೆ ಉತ್ತರ 1. ಸುಮ್ನೆ ಒಂದು ಲೆಕ್ಕ ಹಾಕೋಣ. ಪ್ರತಿ ಸಲ 1 ಕೆಟಿ ನಮ್ಮ ಕೈಯಿಂದ ಹೋಗುತ್ತದೆ, ಇಲ್ಲವೇ 1 ಕೆಟಿ ಕೈಗೆ ಬರುತ್ತದೆ ಎಂದುಕೊಳ್ಳಿ. ಸರಾಸರಿ 1 ಬರಬೇಕಾದರೆ ನೂರರಲ್ಲಿ ಸುಮಾರು 73 ಸಲ ನಷ್ಟ, 27 ಸಲ ಲಾಭ ಆಗಲೇಬೇಕು. ಆ 27 ಸಲ ಉಷ್ಣಬಲವಿಜ್ಞಾನದ ಎರಡನೇ ನಿಯಮ (ಪುಕ್ಕಟೆ ಕೆಲಸ ಸಿಗದು ಎನ್ನುವ ನಿಯಮ) ಸೋತಂತೆ ಕಾಣುತ್ತದೆ, ಅಲ್ವಾ? ಸೋತಿಲ್ಲ. ಅದು ಮಾತಾಡುವುದು ಸರಾಸರಿಯ ಬಗ್ಗೆ. 1ರ ಬದಲು 10 ಕೆಟಿ ಹಾಕಿ ನೋಡಿ, ಲಾಭ ಸುಮಾರು 22 ಸಾವಿರಕ್ಕೆ ಒಂದೇ ಸಲ.

ಈಗ ಕ್ವಾಂಟಮ್. ಇಲ್ಲಿ ಕೆಲಸವನ್ನು ಒಂದೇ ಅಳತೆಯಲ್ಲಿ ಹಿಡಿಯಲಾಗದು. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಶಕ್ತಿ ಅಳೆದು ವ್ಯತ್ಯಾಸ ನೋಡಬೇಕು. ಆದರೆ ವ್ಯವಸ್ಥೆ ತೆರೆದಿದ್ದರೆ, ಅಂದರೆ ಪರಿಸರದ ಜೊತೆ ಶಾಖ ಕೊಟ್ಟು ತೆಗೆದುಕೊಳ್ಳುತ್ತಿದ್ದರೆ, ಆ ವ್ಯತ್ಯಾಸದಲ್ಲಿ ಶಾಖವೂ ಸೇರಿಕೊಳ್ಳುತ್ತದೆ. ಉಪಾಯ ಸರಳ: ವ್ಯವಸ್ಥೆ, ಪರಿಸರ ಎರಡನ್ನೂ ಸೇರಿಸಿ ಒಂದೇ ದೊಡ್ಡ ಮುಚ್ಚಿದ ವ್ಯವಸ್ಥೆ ಎಂದುಕೊಳ್ಳಿ. ನಾವು ತಳ್ಳುವುದು ಚಿಕ್ಕ ಭಾಗವನ್ನು ಮಾತ್ರ. ಹಾಗಾಗಿ ಒಟ್ಟು ಶಕ್ತಿ ಎಷ್ಟು ಬದಲಾಯಿತೋ ಅಷ್ಟೇ ಕೆಲಸ. ಇವೆರಡರ ನಂಟು ಎಷ್ಟೇ ಬಿಗಿಯಾಗಿದ್ದರೂ ಸಮೀಕರಣ ಉಳಿಯುತ್ತದೆ ಎಂದು ಭೌತವಿಜ್ಞಾನಿಗಳಾದ ಕಾಂಪಿಸಿ, ಟಾಲ್ಕ್‌ನರ್, ಹ್ಯಾಂಗಿ 2009ರಲ್ಲಿ ತೋರಿಸಿದರು. ಮುಕ್ತ ಶಕ್ತಿಯನ್ನು ಮಾತ್ರ ಬೇರೆ ರೀತಿ ಲೆಕ್ಕ ಹಾಕಬೇಕು: ಇಡೀ ಜೋಡಿಯದ್ದರಲ್ಲಿ ಬರೀ ಪರಿಸರದ್ದನ್ನು ಕಳೆಯಬೇಕು.

ಕಾಗದದ ಮೇಲೆ ಚೆನ್ನಾಗಿದೆ. ಪರಿಸರದ ಅಷ್ಟೊಂದು ಕಣಗಳ ಶಕ್ತಿಯನ್ನು ಅಳೆಯುವವರು ಯಾರು? 2014ರ ಒಂದು ಪ್ರಯೋಗದಲ್ಲಿ ಕ್ಲೋರೋಫಾರ್ಮ್‌ನ ಕಾರ್ಬನ್-13 ನ್ಯೂಕ್ಲಿಯಸ್‌ನ ಸ್ಪಿನ್ (ಪುಟ್ಟ ಕಾಂತದಂಥ ಗುಣ) ಅನ್ನು ತಿರುಗಿಸಿ, ಪಕ್ಕದ ಹೈಡ್ರೋಜನ್ ಮೂಲಕ ಕೆಲಸದ ಹಂಚಿಕೆಯನ್ನು (ಎಷ್ಟು ಕೆಲಸ ಎಷ್ಟು ಸಲ ಎಂಬುದನ್ನು) ಓದಿದರು. ಆದರೆ ಅಲ್ಲೂ ವ್ಯವಸ್ಥೆ ಮುಚ್ಚಿದಂತೆಯೇ ಇತ್ತು, ಎಲ್ಲವೂ ಶಾಖ ಸೋರುವ ಮುಂಚೆಯೇ ಮುಗಿಯುತ್ತಿತ್ತು.

ಇನ್ನೊಂದು ಮಾತು. ಶುರುವಿನಲ್ಲೇ ಬೇರೆ ಬೇರೆ ಶಕ್ತಿಮಟ್ಟಗಳ ಸೂಪರ್‌ಪೊಸಿಷನ್ (ಒಟ್ಟಿಗೇ ಹಲವು ಮಟ್ಟಗಳು ಬೆರೆತ ಸ್ಥಿತಿ) ಇದ್ದರೆ ಮೊದಲ ಅಳತೆಯೇ ಅದನ್ನು ಅಳಿಸಿಬಿಡುತ್ತದೆ. ಅಂಥ ಕಡೆ ನಾನಂತೂ ಈ ಎರಡು ಅಳತೆಯ ದಾರಿ ಹಿಡಿಯುವುದಿಲ್ಲ.