ಕಿವಿಯೊಳಗಿನ ಅರಳೆ

"ಇದು ಯಾರ ಕಡೆಯಿಂದ ಬಂತು?" ಆಟಿಸಂ (ಮಾತು, ಬೆರೆಯುವಿಕೆ, ಸದ್ದು-ಸ್ಪರ್ಶದ ಗ್ರಹಿಕೆ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಗುವಿನ ಮನೆಯವರು ಈ ಜಗಳ ಹೊತ್ತು ನನ್ನಲ್ಲಿಗೆ ಬಾರದ ತಿಂಗಳಿಲ್ಲ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಗದಗಿನ ಕುಟುಂಬ. ಅಪ್ಪನಿಗೆ ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ. ಆಟಿಸಂ ಇರುವ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ.

ಮೂರನೇ ಭೇಟಿಗೆ ಅಜ್ಜಿಯೂ ಬಂದರು. ಕೂತವರೇ, "ನಮ್ಮ ಮನಿತನದಾಗ ಇಂಥಾದ್ದು ಇಲ್ಲರೀ. ಇಕಿ ಬಸರಿದ್ದಾಗ ಮೊಬೈಲ್ ನೋಡಕೋತ ಕುಂತ್ಲು, ಅದಕ್ಕ ಹಿಂಗಾತು" ಅಂದರು. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಹುಡುಗ ಮೇಜಿನ ಕೆಳಗೆ ಹುಣಸೆಬೀಜ ಸಾಲಾಗಿ ಜೋಡಿಸುತ್ತಿದ್ದ. ನನ್ನ ಮೇಜಿನ ಕಾಗದಗಳನ್ನು ಎತ್ತಿ, ಅಂಚು ಕುಟ್ಟಿ ಕುಟ್ಟಿ ಸಮ ಮಾಡುತ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು:

"ಅವ್ವಾ, ನನ್ನ ಮದಿವ್ಯಾಗ ಹಲಗಿ ಬಾರಸೋಮುಂದ ನಾ ಕಿವ್ಯಾಗ ಅರಳಿ ಇಟಗೊಂಡಿದ್ದೆ. ಕಾಣಬಾರದಂತ ಪಟಗಾ ಇಳಿಸಿ ಸುತ್ತಿದಾಕಿ ನೀನ. ಅಪ್ಪಾನೂ ಜಾತ್ರಿ ದಿನ ಬಾಗಲಾ ಹಾಕ್ಕೊಂಡ ಒಳಗ ಕುಂದರತಿದ್ದ."

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಟಕ್ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟರ ಬ್ಯಾರೆ ಏನೂ ಮುಟ್ಟತಿರಲಿಲ್ಲ ಅವರು. ಮೂವತ್ತ ವರ್ಷ ಅದನ್ನ ಮಾಡಿ ಹಾಕೇನಿ."

ಹುಡುಗನ ಅಪ್ಪನಿಗೆ ಆಟಿಸಂ ಇದೆ ಎಂದು ನಾನು ಹೇಳಲಿಲ್ಲ. ಸದ್ದು ತಾಳದಿರುವುದೊಂದೇ ಅದಕ್ಕೆ ಸಾಕ್ಷಿಯಲ್ಲ. ತಿಳಿಯಬೇಕೆನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಎಂದೆ. ಆದರೆ ಅನುವಂಶೀಯತೆಯ ಮಾತನ್ನು ಅಜ್ಜಿಯ ಎದುರೇ ಬಿಡಿಸಿಟ್ಟೆ. 1977ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ನೋಡಿದ್ದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ತದ್ರೂಪಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ, ಇದರಲ್ಲಿ ವಂಶದ ಪಾಲಿದೆ ಎಂದರ್ಥ. ಕಾರಣ ಒಂದು ಜೀನ್ ಅಲ್ಲ, ನೂರಾರು. ತಾಯಿ ಕಡೆಯಿಂದಲೂ ಬರುತ್ತವೆ, ತಂದೆ ಕಡೆಯಿಂದಲೂ. ಕೆಲವು ಬದಲಾವಣೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತವೆ.

"ಮನೆತನಕ್ಕೆ ಕಳಂಕ ಹಚ್ಚಿದಿರಿ" ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಾರೆ. ವಂಶದ ಮಾತು ಮುಚ್ಚಿಟ್ಟ ಕಡೆಯಲ್ಲೆಲ್ಲ ತಪ್ಪು ಹೋಗಿ ಕೂರುವುದು ತಾಯಿಯ ತಲೆಯ ಮೇಲೆ. 1960ರ ದಶಕದಲ್ಲಿ ಅಮೆರಿಕದ ಹೆಸರಾಂತ ತಜ್ಞರೇ ತಾಯಿಗೆ ಮಮತೆ ಸಾಲದ್ದಕ್ಕೆ ಹೀಗಾಯಿತು ಎನ್ನುತ್ತಿದ್ದರು. ಅದನ್ನು ನಂಬಿ ಬೆಂದ ತಾಯಂದಿರೆಷ್ಟೋ. ಈ ಸೊಸೆಗೂ ಅದೇ ಆಗುವುದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ.

ಕೊಟ್ಟ ಸಲಹೆ ಎರಡೇ. ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದಲ್ಲಿ, ಆಮೇಲೆ ಹುಟ್ಟಿದ ಐವರಲ್ಲಿ ಸುಮಾರು ಒಬ್ಬರಿಗೆ ಅದು ಕಾಣಿಸಿಕೊಳ್ಳುತ್ತದೆ, ಹೆಣ್ಣುಮಕ್ಕಳಲ್ಲಿ ಕಡಿಮೆ. ಆದ್ದರಿಂದ "ನಿಮ್ಮಪ್ಪನೂ ತಡಾನ ಮಾತಾಡಿದ್ದ" ಎಂದು ಕಾಯದೆ, ಮಗಳ ತಪಾಸಣೆ ಈಗಲೇ ಮಾಡಿಸಿ: ಕರೆದರೆ ತಿರುಗುತ್ತಾಳಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳಾ? ಎರಡನೆಯದು ಅಪ್ಪನಿಗೆ: ಮಗನ ಕಿವಿ ಏನು ತಾಳುತ್ತದೆ, ಏನು ತಾಳದು ಎಂಬುದು ನಿಮಗೆ ಒಳಗಿನಿಂದ ಗೊತ್ತು, ಜಾತ್ರೆಗೆ ಒಯ್ಯಬೇಕೋ ಬೇಡವೋ ಎಂಬುದನ್ನು ನೀವೇ ಹೇಳಿ.

ಮಗಳ ತಪಾಸಣೆ ಆಯಿತು. ಎರಡು ಉತ್ತರ ಇನ್ನೂ ಅನುಮಾನದಲ್ಲಿವೆ. ಮುಂದಿನ ತಿಂಗಳು ಮತ್ತೆ ನೋಡಬೇಕು. ಅಪ್ಪನಿಗೆ ರಜೆ ಇಲ್ಲ. ಸೊಸೆಯ ಜೊತೆ ಅಜ್ಜಿ ಬರುತ್ತಾರಂತೆ.