ಕವಳ ಕಾಣದ ‘ನೋಡೋಣ’

ಪ್ರಶ್ನೆ: ಅಪ್ಪನ ಮನೆಯ ಸೋರುವ ಅಡುಗೆಮನೆಗೆ ಹಂಚು ಹೊದಿಸುವ ಬಗ್ಗೆ ಅಮೆರಿಕದಲ್ಲಿರುವ ಅಣ್ಣನಿಗೆ ಉದ್ದದ ಇಮೇಲ್ ಬರೆದೆ. ‘ಸರಿ. ನೋಡೋಣ.’ ಎಂದಷ್ಟೇ ಉತ್ತರ ಬಂತು. ರಾತ್ರಿ ಹನ್ನೊಂದಕ್ಕೆ ‘ನಿನಗೆ ಊರೇ ಬೇಡವಾಗಿದೆ!!!’ ಎಂದು ಬರೆದು, ಕೊನೆಗೊಂದು ನಗುಮುಖ ಹಾಕಿ ಕಳುಹಿಸಿದೆ. ಹತ್ತು ದಿನವಾಯಿತು, ಮಾತಿಲ್ಲ. ದೊಡ್ಡವರಿಗೆ ನಗುಮುಖ ಹಾಕಬಾರದೇ?
– ಓದುಗರೊಬ್ಬರು, ಸಾಗರ

ಉತ್ತರ: ಹಾಕಬಹುದು, ತಾಯಿ. ಆದರೆ ಮೂರು ಉದ್ಗಾರ ಚಿಹ್ನೆಗಳ ಬೆನ್ನಿಗೇ ಬಂದ ನಗು, ಕೆನ್ನೆಗೆ ಹೊಡೆದು ಹಲ್ಲು ಕಿರಿದಂತೆ ಕಾಣುತ್ತದೆ.

ನಾನು ತಾರು ಕಚೇರಿಯ ಕೌಂಟರಿನಲ್ಲಿ ಹದಿನೆಂಟು ವರ್ಷ ಕುಳಿತವನು. ಅಲ್ಲಿ ಪದಗಳನ್ನು ಎಣಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದೆವು. ‘ತಾಯಿ ಅಸ್ವಸ್ಥ, ಕೂಡಲೇ ಹೊರಡು’ ಎಂದು ಟೆಲಿಗ್ರಾಂ ಬಂದರೆ ಒರಟೆಂದು ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಮದುವೆ, ಹಬ್ಬದ ಶುಭಾಶಯಗಳಿಗೆ ಸಿದ್ಧ ವಾಕ್ಯಗಳಿದ್ದವು. ಗಿರಾಕಿ ಅದರ ಸಂಖ್ಯೆ ಬರೆದುಕೊಟ್ಟರೆ ಆ ಕಡೆಯ ಕಚೇರಿ ವಾಕ್ಯ ಬಿಡಿಸಿ ತಲುಪಿಸುತ್ತಿತ್ತು. ಇಮೋಜಿ ನೋಡಿದಾಗಲೆಲ್ಲ ನನಗೆ ಆ ಸಂಖ್ಯೆಗಳೇ ನೆನಪಾಗುತ್ತವೆ. ಆದರೆ ನಮ್ಮ ಪಟ್ಟಿ ಎರಡೂ ತುದಿಯಲ್ಲಿ ಒಂದೇ ಇರುತ್ತಿತ್ತು. ನಿಮ್ಮ ನಗುಮುಖವನ್ನು ಅಣ್ಣ ಯಾವ ಪಟ್ಟಿ ಹಿಡಿದು ಬಿಡಿಸಿದರೋ! 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ :-) ಗುರುತನ್ನು ಸೂಚಿಸಿದ್ದು ‘ಇದು ತಮಾಷೆ’ ಎಂದು ತಿಳಿಸಲಿಕ್ಕೆ. ನೀವು ಬರೆದದ್ದು ತಮಾಷೆಯಲ್ಲವೆಂದು ನಿಮಗೂ ಗೊತ್ತು.

ಇನ್ನು ಅಣ್ಣನ ‘ನೋಡೋಣ’. ನಿಮ್ಮ ಕಡೆ ಅದನ್ನು ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಾ ಹೇಳಿದರೆ ಒಪ್ಪಿಗೆ, ಟವೆಲ್ ಕೊಡವಿ ಎದ್ದು ಹೇಳಿದರೆ ನಿರಾಕರಣೆ. ಪರದೆಯ ಮೇಲೆ ಕವಳವೂ ಇಲ್ಲ, ಟವೆಲ್ಲೂ ಇಲ್ಲ. ಕೆಲಸದ ನಡುವೆ ಮೊಬೈಲಿನಲ್ಲಿ ಒತ್ತಿದ ಎರಡು ಪದಗಳಿರಬಹುದು.

ಅಂತರ್ಜಾಲದ ಶಿಷ್ಟಾಚಾರ ಕುರಿತ 1995ರ ದಾಖಲೆ, ಆರ್‌ಎಫ್‌ಸಿ 1855, ಭಾವಾವೇಶದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳುಹಿಸಿ ಎನ್ನುತ್ತದೆ. ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯಲು ಜಿಮೇಲ್ ಕೊಡುವುದು ಹೆಚ್ಚೆಂದರೆ 30 ಸೆಕೆಂಡು. ಹಂಚಿನ ಸಿಟ್ಟು ಅಷ್ಟರಲ್ಲಿ ಇಳಿಯುತ್ತದೆಯೇ?

ಈಗ ಹಳೆಯ ಇಮೇಲಿನ ಬಾಲಕ್ಕೆ ಅಂಟಿಸದೆ ಹೊಸದೊಂದು ಬರೆಯಿರಿ. ವಿಷಯದ ಸಾಲಿನಲ್ಲಿ ‘ಅಡುಗೆಮನೆಯ ಹಂಚು’ ಎಂದಿರಲಿ. ‘ಅಣ್ಣಾ, ಅವತ್ತು ಸಿಟ್ಟಿನಲ್ಲಿ ಬರೆದೆ, ತಪ್ಪಾಯಿತು. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಬೇಕು. ಭಾನುವಾರ ಬೆಳಿಗ್ಗೆ ಫೋನ್ ಮಾಡಲೇ?’ ಇಷ್ಟು ಸಾಕು. ಹೋದ ಮಳೆಗಾಲದಲ್ಲಿ ಒಲೆಯ ಪಕ್ಕ ಸೋರುವಲ್ಲಿ ಇಟ್ಟ ಪಾತ್ರೆಯ ಚಿತ್ರವಿದ್ದರೆ ಅದನ್ನೂ ಲಗತ್ತಿಸಿ.