ಬೋನ್ಸಾಯ್ ಕುಂಡ ಬದಲಿಸುವ ಕಾಲ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ (ಕಲಬುರಗಿ): ನನ್ನ ಬಳಿ ಎಂಟು ವರ್ಷದ ಆಲದ ಬೋನ್ಸಾಯ್ ಇದೆ. ಮಾರ್ಚ್‌ನಲ್ಲಿ ಕುಂಡ ಬದಲಿಸಬೇಕೆಂದು ವಿಡಿಯೊಗಳಲ್ಲಿ ನೋಡಿ ಹೋದ ವರ್ಷ ಹಾಗೇ ಮಾಡಿದೆ. ಎಲೆಯೆಲ್ಲ ಉದುರಿ ಎರಡು ರೆಂಬೆ ಒಣಗಿದವು. ಎಲ್ಲಿ ತಪ್ಪಾಯಿತು?

ಉತ್ತರ: ನೀವು ನೋಡಿದ ಮಾರ್ಚ್ ಜಪಾನಿನದು. ಚಳಿಗೆ ಎಲೆ ಕಳಚಿ ನಿಂತ ಮೇಪಲ್, ಎಲ್ಮ್‌ಗಳ ಮೊಗ್ಗು ಅಲ್ಲಿ ಆ ಹೊತ್ತಿಗೆ ಉಬ್ಬಲು ಶುರುವಾಗುತ್ತದೆ. ಕುಂಡ ಬದಲಿಸುವಾಗ ಬೇರು ಕತ್ತರಿಸಿದರೂ ಮುಂದಿನ ತಿಂಗಳೊಪ್ಪತ್ತು ಹವೆ ತಂಪಾಗಿಯೇ ಇರುತ್ತದೆ. ನಿಮ್ಮಲ್ಲಿ ಮಾರ್ಚ್ ಮುಗಿದರೆ ಬರುವುದು 40 ಡಿಗ್ರಿ ದಾಟುವ ಬಿಸಿಲು, ಮೇಲೆ ಒಣಗಾಳಿ. ನೀರು ಹೀರುವುದು ಬೇರಿನ ಎಳೆಯ ತುದಿಗಳು. ಅವನ್ನು ಕತ್ತರಿಸಿದ ಮೇಲೂ ಎಲೆಗಳು ಮೊದಲಿನಷ್ಟೇ ನೀರು ಬಿಡುತ್ತಿರುತ್ತವೆ. ಆದಾಯ ನಿಂತು ಖರ್ಚು ಮಾತ್ರ ಉಳಿದ ಮನೆಯ ಹಾಗೆ, ಮರ ಮೊದಲು ಎಲೆ ಬಿಡುತ್ತದೆ, ಆಮೇಲೆ ರೆಂಬೆ. ಆದ್ದರಿಂದ ಕುಂಡ ಬದಲಿಸುವ ದಿನಕ್ಕಿಂತ ಆಮೇಲಿನ ನಾಲ್ಕು ವಾರ ಹೇಗಿರುತ್ತವೆ ಎಂಬುದನ್ನೇ ಮೊದಲು ನೋಡಬೇಕು.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಆಲ, ಗೋಣಿ, ಅತ್ತಿ, ಫೈಕಸ್‌ಗಳಿಗೆ ಒಂದೆರಡು ಒಳ್ಳೆ ಮಳೆ ಬಿದ್ದು ನೆಲ ತಣಿದ ಮೇಲೆ, ಅಂದರೆ ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಸರಿಯಾದ ಕಾಲ. ಬೆಂಗಳೂರು, ಮೈಸೂರಿನವರಿಗೆ ಜೂನ್–ಜುಲೈ ಜೊತೆಗೆ ಫೆಬ್ರುವರಿ ಕೊನೆಯೂ ನಡೆಯುತ್ತದೆ, ನೆರಳಿನ ವ್ಯವಸ್ಥೆ ಇದ್ದರೆ.

ಕೆಲಸಕ್ಕೆ ಒಂದೆರಡು ದಿನ ಮೊದಲು ನೀರು ಕಡಿಮೆ ಮಾಡಿ. ಮಣ್ಣು ಸಲೀಸಾಗಿ ಉದುರುತ್ತದೆ. ಮಿಶ್ರಣಕ್ಕೆ 3ರಿಂದ 5 ಮಿ.ಮೀ. ಗಾತ್ರದ ಇಟ್ಟಿಗೆ ಚೂರು ಮೂರು ಪಾಲು, ದಪ್ಪ ಮರಳು ಒಂದು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಇಟ್ಟಿಗೆಯ ಪುಡಿ ದೂಳನ್ನು ಜರಡಿಯಲ್ಲಿ ಪೂರ್ತಿ ತೆಗೆಯಿರಿ. ಅದು ತಳದಲ್ಲಿ ಕೆಸರಾಗಿ ಕೂತರೆ ಬೇರಿಗೆ ಗಾಳಿ ಸಿಗದು. ಕುಂಡದ ತೂತುಗಳಿಗೆ ನೈಲಾನ್ ಬಲೆ ಹಾಕಿ, ಮರವನ್ನು ಕಟ್ಟಲು ಅಲ್ಯೂಮಿನಿಯಂ ತಂತಿಯನ್ನು ಮೊದಲೇ ಕೆಳಗಿನಿಂದ ತೂರಿಸಿಡಿ.

ಬಿದಿರು ಕಡ್ಡಿಯಿಂದ ಬೇರನ್ನು ಬುಡದ ಕಡೆಯಿಂದ ಹೊರಕ್ಕೆ ತಲೆ ಬಾಚುವ ಹಾಗೆ ಬಿಡಿಸಿ. ನೇರ ಕೆಳಗಿಳಿದ ದಪ್ಪ ಬೇರು, ಕುಂಡದ ಗೋಡೆಗೆ ಸುತ್ತಿಕೊಂಡ ಬೇರುಗಳನ್ನು ಹರಿತವಾದ ಕತ್ತರಿಯಲ್ಲಿ ತೆಗೆಯಿರಿ. ಒಟ್ಟು ಬೇರಿನ ಮೂರನೇ ಒಂದು ಭಾಗ ಸಾಕು. ಆಲದ ಜಾತಿ ಇದಕ್ಕಿಂತ ಹೆಚ್ಚನ್ನೂ ತಾಳುತ್ತದೆ, ಆದರೆ ಹೋದ ವರ್ಷ ಪೆಟ್ಟು ತಿಂದ ಮರಕ್ಕೆ ಆ ಪರೀಕ್ಷೆ ಬೇಡ. ಕತ್ತರಿಸಿದ ಕಡೆ ಹಾಲು ಸುರಿದರೆ ನೀರು ಚಿಮುಕಿಸಿ, ನಿಲ್ಲುತ್ತದೆ. ದೊಡ್ಡ ಎಲೆಗಳನ್ನು ಅಲ್ಲಲ್ಲಿ ಕಿತ್ತು ಹೊರೆ ಇಳಿಸಿ.

ಮರ ಕೂರಿಸಿ ತಂತಿ ಬಿಗಿದ ಮೇಲೆ ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಮತ್ತೆ ಬಿಗಿಯಿರಿ. ಹೆಚ್ಚಿನವರು ಕೈಬಿಡುವ ಹಂತ ಇದೇ. ಗಾಳಿಗೆ ಮರ ತೂಗುತ್ತಿದ್ದರೆ ಹೊಸ ಬೇರು ಬಂದಷ್ಟೂ ಮುರಿಯುತ್ತದೆ. ಮಿಶ್ರಣವನ್ನು ಕಡ್ಡಿಯಿಂದ ಬೇರಿನ ಸಂದುಗಳಿಗೆ ಇಳಿಸಿ, ತಳದಿಂದ ತಿಳಿನೀರು ಬರುವ ತನಕ ನೀರು ಹಾಕಿ. ಎರಡು ಮೂರು ವಾರ ನೆರಳು. ಗೊಬ್ಬರ ಹೊಸ ಚಿಗುರು ಕಂಡ ಮೇಲೆಯೇ, ಸುಮಾರು ಒಂದು ತಿಂಗಳಿಗೆ.

ಪ್ರಶ್ನೆ (ಉಡುಪಿ): ಮಳೆಗಾಲವೇ ಒಳ್ಳೆಯದೆಂದು ಜೂನ್ ಕೊನೆಯಲ್ಲಿ ಜೇಡ್ ಮತ್ತು ಬೋಗನ್‌ವಿಲ್ಲಾ ಎರಡಕ್ಕೂ ಕುಂಡ ಬದಲಿಸಿದೆ. ಜೇಡ್ ಬುಡದಲ್ಲೇ ಕೊಳೆಯಿತು, ಇನ್ನೊಂದು ಸೊರಗಿದೆ.

ಉತ್ತರ: ಘಟ್ಟದ ಮೇಲಿನವರಿಗೆ ಹೇಳುವ ಜೂನ್ ಕರಾವಳಿಗೆ ಹೊಂದುವುದಿಲ್ಲ. ನಿಮ್ಮಲ್ಲಿ ದಿನಗಟ್ಟಲೆ ಹೊಯ್ಯುವ ಮಳೆಗೆ ಗಾಯಗೊಂಡ ಬೇರು ನೀರಲ್ಲೇ ನೆನೆಯುತ್ತದೆ. ಆಲದ ಜಾತಿಯನ್ನೂ ಮಳೆ ತಾಗದ ಚಾವಣಿಯಡಿ ಇಡಲು ಜಾಗವಿದ್ದರೆ ಮಾತ್ರ ಆಗ ಮುಟ್ಟಿ. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲಿ ಮಳೆ ಇಳಿಯುವ ತನಕ ಕಾಯಿರಿ.

ಜೇಡ್ ಕಾಂಡದಲ್ಲೂ ಎಲೆಯಲ್ಲೂ ನೀರು ಕೂಡಿಟ್ಟುಕೊಳ್ಳುವ ಗಿಡ, ಅದಕ್ಕೆ ಒಣ ಹವೆಯೇ ಬೇಕು. ಮಳೆ ಪೂರ್ತಿ ನಿಂತ ಮೇಲೆ ಮಾಡಿ. ಮೊದಲು ಮೂರ್ನಾಲ್ಕು ದಿನ ನೀರು ನಿಲ್ಲಿಸಿ, ಒಣ ಮಿಶ್ರಣದಲ್ಲೇ ನೆಟ್ಟು, ಒಂದು ವಾರ ಬಿಟ್ಟು ಮೊದಲ ನೀರು ಕೊಡಿ. ಅಷ್ಟರಲ್ಲಿ ಬೇರಿನ ಗಾಯ ಒಣಗಿ ಮುಚ್ಚಿರುತ್ತದೆ. ಕೊಳೆಯದ ರೆಂಬೆ ಉಳಿದಿದ್ದರೆ ಕತ್ತರಿಸಿ, ತುದಿಯನ್ನು ಕೆಲವು ದಿನ ನೆರಳಲ್ಲಿ ಒಣಗಿಸಿ ನೆಡಿ, ಬೇರು ಬರುತ್ತದೆ.

ಬೋಗನ್‌ವಿಲ್ಲಾ ಬೇರು ತುಂಬ ನಾಜೂಕು, ಬಾಚಬಾರದು. ಮಣ್ಣುಂಡೆಯ ಸುತ್ತ ಮತ್ತು ಅಡಿಯಲ್ಲಿ ಅರ್ಧ ಇಂಚು ಕತ್ತರಿಸಿ, ಉಳಿದದ್ದನ್ನು ಹಾಗೇ ಕೂರಿಸಿ. ಹೂವಿನ ಭರಾಟೆ ಮುಗಿದ ಹೊತ್ತು ಅದಕ್ಕೆ ಅನುಕೂಲ. ಈಗ ಸೊರಗಿರುವ ಗಿಡವನ್ನು ಮತ್ತೆ ಕಿತ್ತು ನೋಡುವ ಆಸೆ ಬೇಡ. ಮಳೆಯಿಂದ ಮರೆಮಾಡಿ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ.

ಪ್ರಶ್ನೆ (ಬೆಂಗಳೂರು): ಜುನಿಪರ್‌ಗೆ ಯಾವ ತಿಂಗಳು? ಬೇರಿನಲ್ಲಿ ಬಿಳಿ ಬೂಷ್ಟಿನಂಥದ್ದು ಕಂಡಿತು, ತೊಳೆಯಬೇಕೇ?

ಉತ್ತರ: ಜನವರಿ–ಫೆಬ್ರುವರಿ, ಬಿಸಿಲು ಏರುವ ಮೊದಲು. ಅಣಬೆ ವಾಸನೆಯ ಆ ಬಿಳಿ ಎಳೆಗಳು ಸಾಮಾನ್ಯವಾಗಿ ಬೇರಿಗೆ ನೆರವಾಗುವ ಶಿಲೀಂಧ್ರ, ತೊಳೆಯಬೇಡಿ. ಹಳೆ ಮಣ್ಣನ್ನೂ ಒಂದೇ ಸಲ ಪೂರ್ತಿ ತೆಗೆಯಬೇಡಿ. ಈ ಸಲ ಒಂದು ಪಕ್ಕ, ಎರಡು ವರ್ಷ ಬಿಟ್ಟು ಇನ್ನೊಂದು ಪಕ್ಕ. ಜುನಿಪರ್ ಸತ್ತರೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ, ಹಾಗಾಗಿ ಬಣ್ಣ ನೋಡಿ ನೆಮ್ಮದಿಪಡಬೇಡಿ. ತುದಿಗಳಲ್ಲಿ ತಿಳಿಹಸಿರು ಚಿಗುರು ಬಂದರೆ ಬೇರು ಹಿಡಿದಿದೆ ಎಂದರ್ಥ.

ಪ್ರಶ್ನೆ (ಹಾಸನ): ಡಿಸೆಂಬರ್‌ನಲ್ಲಿ ಬೆಕ್ಕು ಕೆಡವಿ ಅರಳಿ ಬೋನ್ಸಾಯ್‌ನ ಕುಂಡ ಒಡೆಯಿತು. ಕಾಲವಲ್ಲದ ಕಾಲ, ಏನು ಮಾಡಲಿ?

ಉತ್ತರ: ಬೇರನ್ನು ಮುಟ್ಟದೆ ಮಣ್ಣುಂಡೆ ಸಮೇತ ಒಂದೆರಡು ಇಂಚು ದೊಡ್ಡದಾದ ಯಾವುದಾದರೂ ಕುಂಡಕ್ಕೆ ಇಳಿಸಿ, ಸುತ್ತ ಮಿಶ್ರಣ ತುಂಬಿ. ಪ್ಲಾಸ್ಟಿಕ್ ಬೇಸಿನ್‌ಗೆ ತೂತು ಕೊರೆದರೂ ಸಾಕು. ಬೇರು ಕತ್ತರಿಸದಿದ್ದರೆ ಕಾಲ ನೋಡಬೇಕಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಹಳೆ ಎಲೆ ಉದುರಿ, ರೆಂಬೆ ತುದಿಯ ಮೊನಚು ಮೊಗ್ಗು ದಪ್ಪಗಾಗಿ ಇನ್ನೂ ಬಿಚ್ಚದಿರುವ ಕೆಲವು ದಿನಗಳಿರುತ್ತವೆ. ಆಗ ಸರಿಯಾದ ಕುಂಡಕ್ಕೆ ಬದಲಿಸಿ.

ಪ್ರಶ್ನೆ (ಧಾರವಾಡ): ಪ್ರತಿ ವರ್ಷ ಬದಲಿಸಲೇಬೇಕೇ?

ಉತ್ತರ: ಬೇಡ. ಬೆಳೆಯುವ ಎಳೆಯ ಮರಕ್ಕೆ ಎರಡು ವರ್ಷಕ್ಕೊಮ್ಮೆ, ಹಳೆಯದಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ ಸಾಕು. ಹಾಕಿದ ನೀರು ಮೇಲೆಯೇ ನಿಂತು ನಿಧಾನಕ್ಕೆ ಇಳಿದರೆ, ಮರ ಕುಂಡದ ಅಂಚಿಗಿಂತ ಮೇಲೆದ್ದಿದ್ದರೆ ಒಮ್ಮೆ ಎತ್ತಿ ನೋಡಿ. ಬೇರು ಸುತ್ತಿಕೊಂಡು ಚಾಪೆಯಾಗಿದ್ದರೆ ಮುಂದಿನ ಮಳೆಗೆ ಕೆಲಸ ಇಟ್ಟುಕೊಳ್ಳಿ. ಮಣ್ಣು ಇನ್ನೂ ಬಿಡಿಬಿಡಿಯಾಗಿ ಕಂಡರೆ ಹಾಗೇ ಇಳಿಸಿಬಿಡಿ.